ನೋದಕಗಳ ಉಷ್ಣ ಸ್ಥಿರತೆ ಪರೀಕ್ಷೆ

ನೋದಕಗಳ ಉಷ್ಣ ಸ್ಥಿರತೆ ಪರೀಕ್ಷೆ ಎಂಬುದು ಬಂದೂಕು, ಫಿರಂಗಿ ಮತ್ತು ರಾಕೆಟ್‌ಗಳಲ್ಲಿ ಬಳಸುವ ನೋದಕಗಳು ದಾಸ್ತಾನಿನಲ್ಲಿರುವಾಗ ಹೊರಗಿನ ಕಿಡಿಯಿಲ್ಲದೆ ತಾವಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವನ್ನು ಮುಂಚಿತವಾಗಿ ಅರಿಯಲು ನಡೆಸುವ ಪ್ರಯೋಗಾಲಯ ಪರೀಕ್ಷೆಗಳ ಒಟ್ಟು ಹೆಸರು. ಗುಂಡನ್ನು ಅಥವಾ ರಾಕೆಟನ್ನು ಮುಂದಕ್ಕೆ ತಳ್ಳುವ ಅನಿಲವನ್ನು ಉರಿದು ಉತ್ಪಾದಿಸುವ ವಸ್ತುವೇ ನೋದಕ. ಬಳಕೆಯ ಮಾತಿನಲ್ಲಿ ಇದನ್ನು ಮದ್ದು ಎನ್ನುತ್ತಾರೆ. ಇಂದಿನ ಬಹುತೇಕ ಬಂದೂಕು ಮತ್ತು ಫಿರಂಗಿ ನೋದಕಗಳ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಇದು ತಯಾರಾದ ದಿನದಿಂದಲೇ ಅತಿ ನಿಧಾನವಾಗಿ ವಿಘಟನೆಗೊಳ್ಳುತ್ತಿರುತ್ತದೆ. ಆದುದರಿಂದ ಕಾರ್ಖಾನೆಯಿಂದ ಹೊರಬೀಳುವಾಗ ಒಮ್ಮೆ ಉತ್ತೀರ್ಣವಾದ ಮದ್ದು ಎಂದೆಂದಿಗೂ ಸುರಕ್ಷಿತವೆಂದು ಹೇಳಲಾಗದು. ಅದರ ಆಯುಷ್ಯದುದ್ದಕ್ಕೂ ಪರೀಕ್ಷೆ ಮರುಕಳಿಸಬೇಕಾಗುತ್ತದೆ.

19ನೇ ಶತಮಾನದ ನಡುಭಾಗದ ಗನ್‌ಕಾಟನ್ ಕಾರ್ಖಾನೆಗಳ ದುರಂತಗಳಿಂದ ಆರಂಭವಾದ ಈ ಪರೀಕ್ಷೆಗಳು ಬಣ್ಣ ಬದಲಾಗುವ ಕಾಗದದ ಪಟ್ಟಿಯಿಂದ ಮೈಕ್ರೋವ್ಯಾಟ್‌ಗಳನ್ನು ಅಳೆಯುವ ಉಷ್ಣಮಾಪಕಗಳವರೆಗೆ ಬೆಳೆದಿವೆ.

ವಿಘಟನೆಯ ಸ್ವರೂಪ

ಹತ್ತಿಯ ಅಥವಾ ಮರದ ಸೆಲ್ಯುಲೋಸನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಿಂದ ಸಂಸ್ಕರಿಸಿದಾಗ ನೈಟ್ರೋಸೆಲ್ಯುಲೋಸ್ ದೊರೆಯುತ್ತದೆ. ರಸಾಯನಶಾಸ್ತ್ರದ ಪ್ರಕಾರ ಇದು ಒಂದು ನೈಟ್ರೇಟ್ ಎಸ್ಟರ್. ನೈಟ್ರೋಗ್ಲಿಸರಿನ್ ಕೂಡ ಇದೇ ಕುಟುಂಬಕ್ಕೆ ಸೇರಿದೆ. ಈ ಅಣುಗಳಲ್ಲಿ ಆಮ್ಲಜನಕ ಮತ್ತು ನೈಟ್ರೋ ಗುಂಪಿನ ನಡುವಿನ ಬಂಧ ದುರ್ಬಲವಾದುದು. ಕೋಣೆಯ ತಾಪಮಾನದಲ್ಲಿಯೂ ಅಲ್ಲೊಂದು ಇಲ್ಲೊಂದು ಬಂಧ ಕಡಿದು ನೈಟ್ರೋಜನ್ ಡೈಆಕ್ಸೈಡ್ ಅನಿಲ ಬಿಡುಗಡೆಯಾಗುತ್ತಲೇ ಇರುತ್ತದೆ.

ಬಿಡುಗಡೆಯಾದ ಅನಿಲ ಹೊರಹೋಗದೆ ಅಲ್ಲಿಯೇ ಉಳಿದಾಗ ತೊಡಕು ಆರಂಭವಾಗುತ್ತದೆ. ಅದು ತೇವಾಂಶದೊಡನೆ ಸೇರಿ ಆಮ್ಲಗಳಾಗುತ್ತದೆ. ಆ ಆಮ್ಲಗಳು ಪಕ್ಕದ ಅಣುಗಳನ್ನು ಇನ್ನಷ್ಟು ಬೇಗ ಒಡೆಯುತ್ತವೆ ಮತ್ತು ಹಾಗೆ ಒಡೆದ ಅಣುಗಳಿಂದ ಮತ್ತಷ್ಟು ಅನಿಲ ಹುಟ್ಟುತ್ತದೆ. ಕ್ರಿಯೆಯ ಉತ್ಪನ್ನವೇ ಕ್ರಿಯೆಯ ವೇಗವನ್ನು ಹೆಚ್ಚಿಸುವ ಈ ವಿದ್ಯಮಾನಕ್ಕೆ ಸ್ವಯಂ ವೇಗವರ್ಧನೆ ಎಂದು ಹೆಸರು. ವರ್ಷಗಟ್ಟಲೆ ಯಾವ ಬದಲಾವಣೆಯನ್ನೂ ತೋರದ ಮದ್ದು ಕೆಲವೇ ವಾರಗಳಲ್ಲಿ ಕೆಟ್ಟುಹೋಗುವುದಕ್ಕೆ ಇದೇ ಕಾರಣ. ಕೆಟ್ಟ ಮದ್ದಿನ ಡಬ್ಬಿಯನ್ನು ತೆರೆದಾಗ ಕೆಂಗಂದು ಹೊಗೆ ಮತ್ತು ಮೂಗಿಗೆ ಹೊಡೆಯುವ ಆಮ್ಲದ ವಾಸನೆ ಕಂಡುಬರುತ್ತವೆ. ಲೋಹದ ಡಬ್ಬಿಯಾದರೆ ಒಳಮೈ ತುಕ್ಕು ಹಿಡಿದಿರುತ್ತದೆ. ಆದರೆ ಈ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ಉಳಿದಿರುವ ಕಾಲಾವಕಾಶ ಅಲ್ಪ. ಕಣ್ಣಿನ ತಪಾಸಣೆಯನ್ನೇ ನಂಬಿ ದಾಸ್ತಾನು ಇಡಲಾಗದು ಎಂಬುದು ಇದರಿಂದಲೇ ಬಂದ ಪಾಠ.

ಗಾತ್ರ ಮತ್ತು ತಾಪಮಾನ

ವಿಘಟನೆಯಿಂದ ಉಷ್ಣ ಹುಟ್ಟುತ್ತದೆ. ಆ ಉಷ್ಣ ಹೊರಕ್ಕೆ ಹರಿದುಹೋದರೆ ಅಪಾಯವಿಲ್ಲ. ಹುಟ್ಟುವ ಉಷ್ಣ ಹೊರಹೋಗುವ ಉಷ್ಣಕ್ಕಿಂತ ಹೆಚ್ಚಾದರೆ ರಾಶಿಯ ಒಳಗಿನ ತಾಪಮಾನ ಏರುತ್ತದೆ, ತಾಪಮಾನ ಏರಿದಂತೆ ವಿಘಟನೆ ಇನ್ನೂ ಚುರುಕಾಗುತ್ತದೆ. ಹೊರಗೆ ತಣ್ಣಗಿರುವ ತಿಪ್ಪೆಯನ್ನು ಕೆದಕಿದಾಗ ಒಳಗಿನಿಂದ ಆವಿ ಏಳುವುದನ್ನು ಹಳ್ಳಿಗಳಲ್ಲಿ ಎಲ್ಲರೂ ಬಲ್ಲರು. ಹಸಿ ಹುಲ್ಲನ್ನು ಒತ್ತಾಗಿ ಒಟ್ಟಿದ ಬಣವೆಯೂ ಒಳಗಿನಿಂದ ಬಿಸಿಯಾಗುತ್ತದೆ. ಅಲ್ಲಿ ಉಷ್ಣದ ಮೂಲ ಸೂಕ್ಷ್ಮಜೀವಿಗಳು, ಮದ್ದಿನಲ್ಲಿ ರಾಸಾಯನಿಕ ವಿಘಟನೆ. ಉಷ್ಣ ಸಿಕ್ಕಿಹಾಕಿಕೊಳ್ಳುವ ರೀತಿ ಮಾತ್ರ ಒಂದೇ.

ಸೋವಿಯತ್ ವಿಜ್ಞಾನಿ ನಿಕೊಲಾಯ್ ಸೆಮ್ಯೊನೊವ್ 1928ರಲ್ಲಿ ಈ ಸಮತೋಲನಕ್ಕೆ ಗಣಿತದ ರೂಪ ಕೊಟ್ಟರು. ಅವರ ವಿಶ್ಲೇಷಣೆಯಂತೆ ಉಷ್ಣದ ಉತ್ಪಾದನೆ ತಾಪಮಾನದೊಂದಿಗೆ ಘಾತೀಯವಾಗಿ ಏರುತ್ತದೆ. ಉಷ್ಣದ ನಷ್ಟವಾದರೋ ತಾಪಮಾನದ ವ್ಯತ್ಯಾಸಕ್ಕೆ ಅನುಗುಣವಾಗಿ ಸರಳರೇಖೆಯಲ್ಲಿ ಏರುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ನಷ್ಟವು ಉತ್ಪಾದನೆಯನ್ನು ಹಿಂದಿಕ್ಕುವುದು ಸಾಧ್ಯವೇ ಇಲ್ಲ. ಡೇವಿಡ್ ಫ್ರಾಂಕ್-ಕಮೆನೆಟ್ಸ್ಕಿ 1930ರ ದಶಕದ ಕೊನೆಯಲ್ಲಿ ಇದನ್ನು ರಾಶಿಯ ಒಳಗಿನ ತಾಪಮಾನದ ಏರಿಳಿತಕ್ಕೂ ವಿಸ್ತರಿಸಿದರು. ಅವರ ಸಿದ್ಧಾಂತದಲ್ಲಿ ವಸ್ತುವಿನ ಗುಣ, ಗಾತ್ರ ಮತ್ತು ತಾಪಮಾನಗಳನ್ನು ಕೂಡಿಸಿದ ಒಂದು ಸಂಖ್ಯೆಯಿದೆ. ಅದು ಚಪ್ಪಟೆ ಹಲಗೆಯಾಕಾರದ ರಾಶಿಗೆ 0.88, ಉದ್ದನೆಯ ಸಿಲಿಂಡರಿಗೆ 2.00, ಗೋಳಕ್ಕೆ 3.32 ಮೀರಿದರೆ ರಾಶಿ ತಾನಾಗಿ ಹೊತ್ತಿಕೊಳ್ಳುತ್ತದೆ.

ಇದರ ವ್ಯಾವಹಾರಿಕ ಅರ್ಥ ಮುಖ್ಯವಾದುದು. ತೋಟಾದೊಳಗಿನ ಕೆಲವು ಗ್ರಾಂ ಮದ್ದು ತಡೆದುಕೊಳ್ಳುವ ತಾಪಮಾನದಲ್ಲಿ ಅದೇ ಮದ್ದಿನ ಪೀಪಾಯಿ ಹೊತ್ತಿಕೊಳ್ಳಬಹುದು. ಪೀಪಾಯಿ ತಡೆದುಕೊಳ್ಳುವ ತಾಪಮಾನದಲ್ಲಿ ಕಂಟೇನರಿನ ತುಂಬ ಒತ್ತಾಗಿ ಪೇರಿಸಿದ ಪೀಪಾಯಿಗಳು ಹೊತ್ತಿಕೊಳ್ಳಬಹುದು. ‘ಈ ವಸ್ತು ಇಷ್ಟು ಡಿಗ್ರಿಯವರೆಗೆ ಸುರಕ್ಷಿತ’ ಎಂಬ ಹೇಳಿಕೆಗೆ ರಾಶಿಯ ಗಾತ್ರವನ್ನೂ ಕಾಲಾವಧಿಯನ್ನೂ ಸೇರಿಸದಿದ್ದರೆ ಅರ್ಥವಿರುವುದಿಲ್ಲ.

ಇತಿಹಾಸ

ಗನ್‌ಕಾಟನ್ ಮತ್ತು ಏಬೆಲ್ ಪರೀಕ್ಷೆ

ಬಾಸೆಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ರಿಸ್ಟಿಯನ್ ಫ್ರೀಡ್ರಿಕ್ ಶೋನ್‌ಬೈನ್ 1846ರಲ್ಲಿ ಗನ್‌ಕಾಟನ್ ತಯಾರಿಕೆಯನ್ನು ಪ್ರಕಟಿಸಿದರು. ಕರಿ ಸಿಡಿಮದ್ದಿಗಿಂತ ಹೆಚ್ಚು ಬಲ, ಬಹುಮಟ್ಟಿಗೆ ಹೊಗೆಯಿಲ್ಲ ಎಂಬ ಎರಡು ಗುಣಗಳಿಂದ ಯೂರೋಪಿನ ಸೈನ್ಯಗಳು ಕೂಡಲೇ ಇದರತ್ತ ಆಕರ್ಷಿತವಾದವು. ಮರುವರ್ಷವೇ, 1847ರ ಜುಲೈಯಲ್ಲಿ, ಇಂಗ್ಲೆಂಡಿನ ಫ್ಯಾವರ್‌ಶ್ಯಾಮ್‌ನ ಕಾರ್ಖಾನೆ ಸ್ಫೋಟಗೊಂಡು 18 ಮಂದಿ ಸತ್ತರು. ಆಸ್ಟ್ರಿಯಾ ಪ್ರಯೋಗವನ್ನು ಹೆಚ್ಚು ಕಾಲ ಮುಂದುವರಿಸಿತಾದರೂ 1862 ಮತ್ತು 1865ರಲ್ಲಿ ವಿಯೆನ್ನಾದ ಆಸುಪಾಸಿನ ಮದ್ದಿನಮನೆಗಳು ಸ್ಫೋಟಗೊಂಡ ಬಳಿಕ ಅದನ್ನು ಕೈಬಿಟ್ಟಿತು.

ವೂಲಿಚ್‌ನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬೆಲ್ ಇದರ ಕಾರಣವನ್ನು ಹುಡುಕಿದರು. ಹತ್ತಿಯ ಎಳೆ ಒಳಗೆ ಟೊಳ್ಳಾದುದು. ಎಷ್ಟು ತೊಳೆದರೂ ಆ ಟೊಳ್ಳಿನಲ್ಲಿ ಆಮ್ಲದ ಅಂಶ ಉಳಿದುಬಿಡುತ್ತಿತ್ತು. ಏಬೆಲ್ ಎಳೆಗಳನ್ನು ನೀರಿನಲ್ಲಿ ನುಣ್ಣಗೆ ಕತ್ತರಿಸಿ, ತಿರುಳಾಗಿಸಿ, ಕುದಿಸಿ ತೊಳೆಯುವ ವಿಧಾನವನ್ನು ರೂಪಿಸಿ 1865ರಲ್ಲಿ ಪೇಟೆಂಟ್ ಪಡೆದರು. ತೊಳೆತ ಸಾಕಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯೂ ಬೇಕಾಯಿತು. ಅದೇ ಏಬೆಲ್ ಉಷ್ಣ ಪರೀಕ್ಷೆ.

1871ರ ಆಗಸ್ಟ್ 11ರಂದು ಸ್ಟೋಮಾರ್ಕೆಟ್‌ನ ಗನ್‌ಕಾಟನ್ ಕಾರ್ಖಾನೆ ಸ್ಫೋಟಗೊಂಡು 28 ಮಂದಿ ಪ್ರಾಣ ಕಳೆದುಕೊಂಡರು. ಶುದ್ಧೀಕರಣ ಮುಗಿದ ಸರಕಿಗೆ ಸಲ್ಫ್ಯೂರಿಕ್ ಆಮ್ಲ ಸೇರಿತ್ತೆಂಬ ಅಂಶ ವಿಚಾರಣೆಯಲ್ಲಿ ಹೊರಬಂತು. ಬ್ರಿಟನ್ನಿನ 1875ರ ಸ್ಫೋಟಕಗಳ ಕಾಯಿದೆಯ ಹಿನ್ನೆಲೆಯಲ್ಲಿ ಇಂಥ ದುರಂತಗಳ ನೆನಪಿದೆ. ಅಲ್ಲಿಂದ ಮುಂದೆ ಏಬೆಲ್ ಪರೀಕ್ಷೆ ಸರಕಾರಿ ತಪಾಸಣೆಯ ಭಾಗವಾಯಿತು.

ಹಡಗುಗಳ ದುರಂತಗಳು

ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ನೈಟ್ರೋಸೆಲ್ಯುಲೋಸನ್ನು ದ್ರಾವಕದಲ್ಲಿ ಕಲಸಿ, ಹಾಳೆಯಾಗಿ ಒತ್ತಿ, ಕತ್ತರಿಸಿ ‘ಪೂದ್ರ್ ಬಿ’ ಎಂಬ ಹೊಗೆರಹಿತ ಮದ್ದನ್ನು ತಯಾರಿಸಿದರು. ಬ್ರಿಟನ್ ನೈಟ್ರೋಗ್ಲಿಸರಿನ್ ಸೇರಿಸಿದ ಕಾರ್ಡೈಟನ್ನು ಬಳಕೆಗೆ ತಂದಿತು. ಹೊಸ ಮದ್ದುಗಳು ಯುದ್ಧನೌಕೆಗಳ ಮದ್ದುಕೋಣೆಗಳನ್ನು ಸೇರಿದವು. ಆ ಕೋಣೆಗಳ ಪಕ್ಕದಲ್ಲಿಯೇ ಬಾಯ್ಲರುಗಳೂ ಹಬೆಯ ಕೊಳವೆಗಳೂ ಇರುತ್ತಿದ್ದವು.

1907ರ ಮಾರ್ಚ್ 12ರಂದು ಟೂಲಾನ್ ಬಂದರಿನಲ್ಲಿ ದುರಸ್ತಿಗೆ ನಿಂತಿದ್ದ ಫ್ರೆಂಚ್ ಯುದ್ಧನೌಕೆ ‘ಇಯೆನಾ’ದ ಮದ್ದುಕೋಣೆ ಸ್ಫೋಟಗೊಂಡು ಸುಮಾರು 120 ಮಂದಿ ಸತ್ತರು. ನಾಲ್ಕು ವರ್ಷಗಳ ಬಳಿಕ, 1911ರ ಸೆಪ್ಟೆಂಬರ್ 25ರಂದು, ಅದೇ ಬಂದರಿನಲ್ಲಿ ‘ಲಿಬರ್ತೆ’ ನೌಕೆಯೂ ಸ್ಫೋಟಗೊಂಡು ಸುಮಾರು 300 ಮಂದಿ ಬಲಿಯಾದರು. ಎರಡರಲ್ಲಿಯೂ ಹಳಸಿದ ಪೂದ್ರ್ ಬಿ ಕಾರಣವೆಂದು ಬಲವಾಗಿ ನಂಬಲಾಗಿದೆ. ಈ ಮದ್ದನ್ನು ಕಾಪಾಡಲು ಅದಕ್ಕೆ ಅಮೈಲ್ ಆಲ್ಕೋಹಾಲ್ ಬೆರೆಸಲಾಗುತ್ತಿತ್ತು. ಆದರೆ ಅದು ಆವಿಯಾಗುವ ದ್ರವ. ಬಿಸಿ ಕೋಣೆಯಲ್ಲಿ ವರ್ಷಗಳು ಕಳೆದಂತೆ ರಕ್ಷಣೆಯೇ ಹಾರಿಹೋಗುತ್ತಿತ್ತು. ಈ ದುರಂತಗಳ ನಂತರ ಫ್ರಾನ್ಸ್ ಡೈಫಿನೈಲಮೀನ್ ಬಳಕೆಗೆ ತಿರುಗಿತು.

ಬ್ರಿಟನ್ನಿನ ‘ವ್ಯಾನ್‌ಗಾರ್ಡ್’ ನೌಕೆ 1917ರ ಜುಲೈ 9ರಂದು ಸ್ಕಾಪಾ ಫ್ಲೋನಲ್ಲಿ ಸ್ಫೋಟಗೊಂಡಾಗ 840ಕ್ಕೂ ಹೆಚ್ಚು ಮಂದಿ ಮಡಿದರು. ಹದಗೆಟ್ಟ ಕಾರ್ಡೈಟ್ ಅದರ ಸಂಭವನೀಯ ಕಾರಣಗಳಲ್ಲಿ ಒಂದು. ಆದರೆ ಅದು ಸಾಬೀತಾಗಿಲ್ಲ. ಮದ್ದುಕೋಣೆಯ ಸ್ಫೋಟಗಳಲ್ಲಿ ಸಾಕ್ಷ್ಯವೇ ಮೊದಲು ನಾಶವಾಗುವುದರಿಂದ ಇಂಥ ಅನಿಶ್ಚಿತತೆ ಹಲವು ಪ್ರಕರಣಗಳಲ್ಲಿ ಉಳಿದಿದೆ.

ಸ್ಥಿರಕಾರಿಗಳು

ಬಿಡುಗಡೆಯಾದ ನೈಟ್ರೋಜನ್ ಆಕ್ಸೈಡುಗಳನ್ನು ಹಿಡಿದಿಟ್ಟು ಸ್ವಯಂ ವೇಗವರ್ಧನೆಯನ್ನು ತಡೆಯುವ ಪದಾರ್ಥಗಳೇ ಸ್ಥಿರಕಾರಿಗಳು. ನೈಟ್ರೋಸೆಲ್ಯುಲೋಸ್ ಒಂದನ್ನೇ ಆಧರಿಸಿದ ಏಕಮೂಲ ನೋದಕಗಳಲ್ಲಿ ಡೈಫಿನೈಲಮೀನ್ ಹೆಚ್ಚು ಬಳಕೆಯಲ್ಲಿದೆ. ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ನೈಟ್ರೋಗ್ಲಿಸರಿನ್ ಕೂಡ ಇರುವ ದ್ವಿಮೂಲ ನೋದಕಗಳಲ್ಲಿ ಡೈಫಿನೈಲಮೀನಿನ ಕ್ಷಾರಗುಣವೇ ನೈಟ್ರೋಗ್ಲಿಸರಿನ್ನಿಗೆ ಹಾನಿ ಮಾಡುವುದರಿಂದ ಸೆಂಟ್ರಲೈಟ್ ಅಥವಾ 2-ನೈಟ್ರೋಡೈಫಿನೈಲಮೀನ್ ಬಳಸಲಾಗುತ್ತದೆ.

ಸ್ಥಿರಕಾರಿ ವಿಘಟನೆಯನ್ನು ನಿಲ್ಲಿಸುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಂಧಗಳು ಕಡಿಯುತ್ತಲೇ ಇರುತ್ತವೆ. ಕಡಿದಾಗ ಹೊರಬಂದ ಅನಿಲವನ್ನು ಸ್ಥಿರಕಾರಿ ಹೀರಿಕೊಳ್ಳುತ್ತದೆ, ಹಾಗೆ ಹೀರಿಕೊಳ್ಳುತ್ತ ತಾನೇ ಖರ್ಚಾಗುತ್ತದೆ. ಡೈಫಿನೈಲಮೀನ್ ಮೊದಲು ಅದರ ನೈಟ್ರೋಸೊ ರೂಪಕ್ಕೂ ಬಳಿಕ ಒಂದೊಂದಾಗಿ ನೈಟ್ರೋ ರೂಪಗಳಿಗೂ ಬದಲಾಗುತ್ತದೆ. ನೈಟ್ರೋಸೊ ರೂಪಕ್ಕೂ ರಕ್ಷಣೆಯ ಸಾಮರ್ಥ್ಯ ಬಹಳಷ್ಟಿರುವುದರಿಂದ ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಿ ‘ಪರಿಣಾಮಕಾರಿ ಸ್ಥಿರಕಾರಿ’ ಎಂದು ಪರಿಗಣಿಸುತ್ತಾರೆ. ಇದೊಂದು ಬಗೆಯ ಇಡಗಂಟು. ಇಡಗಂಟು ಕರಗಿದ ಮೇಲೆ ಮದ್ದು 19ನೇ ಶತಮಾನದ ಗನ್‌ಕಾಟನ್ನಿನಂತೆಯೇ ವರ್ತಿಸುತ್ತದೆ.

ಪರೀಕ್ಷಾ ವಿಧಾನಗಳು

ಏಬೆಲ್ ಉಷ್ಣ ಪರೀಕ್ಷೆ

ಅಲ್ಪ ಪ್ರಮಾಣದ ಮಾದರಿಯನ್ನು ಗಾಜಿನ ನಳಿಕೆಯಲ್ಲಿ ಹಾಕಿ, ಅದರ ಮೇಲೆ ಪೊಟ್ಯಾಸಿಯಮ್ ಅಯೊಡೈಡ್ ಮತ್ತು ಗಂಜಿ ಲೇಪಿಸಿದ ಒದ್ದೆ ಕಾಗದದ ಪಟ್ಟಿಯನ್ನು ತೂಗುಬಿಡುತ್ತಾರೆ. ನಳಿಕೆಯನ್ನು ವಸ್ತುವಿಗೆ ತಕ್ಕಂತೆ 65ರಿಂದ 82 °ಸೆ. ನಡುವಿನ ಒಂದು ನಿಗದಿತ ತಾಪಮಾನದ ನೀರಿನಲ್ಲಿ ಇಡುತ್ತಾರೆ. ಮಾದರಿಯಿಂದ ಹೊರಟ ನೈಟ್ರೋಜನ್ ಆಕ್ಸೈಡುಗಳು ಅಯೊಡಿನ್ನನ್ನು ಬಿಡಿಸುವುದರಿಂದ ಪಟ್ಟಿಯ ಮೇಲೆ ಮಸುಕು ಗೆರೆ ಮೂಡುತ್ತದೆ. ಗೆರೆ ಮೂಡಲು ಹಿಡಿದ ನಿಮಿಷಗಳೇ ಫಲಿತಾಂಶ.

ಪರೀಕ್ಷೆ ಸರಳ, ಅಗ್ಗ, ಅತಿ ಸೂಕ್ಷ್ಮ. ಆ ಸೂಕ್ಷ್ಮತೆಯೇ ಅದರ ದೌರ್ಬಲ್ಯವೂ ಆಯಿತು. ಅದು ಅಳೆಯುವುದು ಹೊರಮೈಯಲ್ಲಿ ಉಳಿದ ಕಲ್ಮಶದ ಕುರುಹನ್ನೇ ಹೊರತು ಮದ್ದಿನ ಒಟ್ಟು ಸ್ಥಿತಿಯನ್ನಲ್ಲ. ಅತ್ಯಲ್ಪ ಪ್ರಮಾಣದ ಮರ್ಕ್ಯುರಿಕ್ ಕ್ಲೋರೈಡ್ ಇದ್ದರೂ ಪಟ್ಟಿಯ ಮೇಲೆ ಗೆರೆ ಮೂಡುವುದು ತಡವಾಗಿ, ಕೆಟ್ಟ ಸರಕೂ ಉತ್ತೀರ್ಣವಾಗುತ್ತಿತ್ತು. ಪರೀಕ್ಷೆ ಗೆದ್ದರೂ ಮದ್ದು ಸೋಲಬಹುದು ಎಂದು ಅರಿವಾದ ಬಳಿಕ ಉತ್ಪನ್ನವಾಗುವ ಅನಿಲ ಅಥವಾ ಉಷ್ಣವನ್ನು ನೇರವಾಗಿ ಅಳೆಯುವ ವಿಧಾನಗಳತ್ತ ಗಮನ ಹರಿಯಿತು.

ಬಣ್ಣ ಮತ್ತು ಹೊಗೆಯ ಪರೀಕ್ಷೆಗಳು

ಮೀಥೈಲ್ ವಯೊಲೆಟ್ ಪರೀಕ್ಷೆಯಲ್ಲಿ 2.5 ಗ್ರಾಂ ಮಾದರಿಯನ್ನು ಏಕಮೂಲ ನೋದಕವಾದರೆ 134.5 °ಸೆ., ದ್ವಿಮೂಲವಾದರೆ 120 °ಸೆ. ತಾಪಮಾನದಲ್ಲಿಟ್ಟು, ನೇರಳೆ ಕಾಗದ ನಸುಗೆಂಪಿಗೆ ತಿರುಗುವ ಸಮಯವನ್ನು ಗುರುತಿಸುತ್ತಾರೆ. ಕಣ್ಗಾವಲು ಒಲೆಯ ಪರೀಕ್ಷೆ ಇದಕ್ಕಿಂತ ತಾಳ್ಮೆಯದು. ಗಾಜಿನ ಶೀಷೆಯಲ್ಲಿಟ್ಟ ಮಾದರಿಯನ್ನು 65.5 °ಸೆ. ಒಲೆಯಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಬಿಟ್ಟು ಕೆಂಗಂದು ಹೊಗೆ ಯಾವ ದಿನ ಕಾಣಿಸಿತೆಂದು ಬರೆದಿಡುತ್ತಾರೆ. ಹೊಸ ಮದ್ದು ವರ್ಷಗಟ್ಟಲೆ ಹೊಗೆಯಾಡದೆ ಉಳಿಯಬಲ್ಲದು. ತಾಪಮಾನ ನಿಜವಾದ ದಾಸ್ತಾನಿಗೆ ಹತ್ತಿರವಾದಷ್ಟೂ ಫಲಿತಾಂಶ ನಂಬಲರ್ಹ, ಆದರೆ ಕಾಯುವ ಕಾಲವೂ ಅಷ್ಟೇ ದೀರ್ಘ. ಉಷ್ಣ ಸ್ಥಿರತೆಯ ಎಲ್ಲ ಪರೀಕ್ಷೆಗಳೂ ಈ ಎರಡರ ನಡುವಿನ ರಾಜಿಗಳೇ.

ನಿರ್ವಾತ ಸ್ಥಿರತೆ ಪರೀಕ್ಷೆ

ಗಾಳಿ ತೆಗೆದ ನಳಿಕೆಯಲ್ಲಿ ಮಾದರಿಯನ್ನು ಬಿಸಿಮಾಡಿ, ಹೊರಬಂದ ಅನಿಲದ ಪರಿಮಾಣವನ್ನು ಅಳೆಯಲಾಗುತ್ತದೆ. ಸಾಮಾನ್ಯ ಕ್ರಮ 100 °ಸೆ. ತಾಪಮಾನದಲ್ಲಿ 40 ಗಂಟೆ. ಗ್ರಾಂ ಒಂದಕ್ಕೆ 2 ಮಿಲಿಲೀಟರಿಗಿಂತ ಹೆಚ್ಚು ಅನಿಲ ಬಂದರೆ ವಸ್ತು ಅನುಮಾನಾಸ್ಪದ. ಸ್ಫೋಟಕವು ಅದನ್ನು ತುಂಬುವ ಲೋಹ, ಬಣ್ಣ, ಅಂಟುಗಳೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂದು ತಿಳಿಯಲೂ ಇದೇ ವಿಧಾನ ಉಪಯುಕ್ತ. ಎರಡನ್ನೂ ಬೇರೆಬೇರೆಯಾಗಿ ಬಿಸಿಮಾಡಿದಾಗ ಬರುವ ಅನಿಲಕ್ಕಿಂತ ಒಟ್ಟಿಗೆ ಬಿಸಿಮಾಡಿದಾಗ ಬರುವ ಅನಿಲ ಗಣನೀಯವಾಗಿ ಹೆಚ್ಚಾದರೆ ಅವನ್ನು ಒಂದೆಡೆ ಇಡುವಂತಿಲ್ಲ.

ಸ್ಥಿರಕಾರಿಯ ಅಳತೆ

ದ್ರವ ವರ್ಣರೇಖನದ ಉಪಕರಣದಿಂದ ಮಾದರಿಯಲ್ಲಿ ಎಷ್ಟು ಸ್ಥಿರಕಾರಿ ಉಳಿದಿದೆ, ಎಷ್ಟು ಯಾವ ರೂಪಕ್ಕೆ ಬದಲಾಗಿದೆ ಎಂಬುದನ್ನು ನೇರವಾಗಿ ತಿಳಿಯಬಹುದು. ಅಮೆರಿಕದ ಸೇನೆಯ ವರ್ಗೀಕರಣದಲ್ಲಿ ಪರಿಣಾಮಕಾರಿ ಸ್ಥಿರಕಾರಿ ಶೇಕಡಾ 0.30 ಅಥವಾ ಹೆಚ್ಚಿದ್ದರೆ ದಾಸ್ತಾನು ಸುರಕ್ಷಿತ. ಶೇಕಡಾ 0.20ರಿಂದ 0.29ರವರೆಗಿದ್ದರೆ ಎಚ್ಚರಿಕೆಯ ಗುಂಪು. ಶೇಕಡಾ 0.20ಕ್ಕಿಂತ ಕಡಿಮೆಯಾದರೆ ಆ ಸರಕನ್ನು ವಿಳಂಬವಿಲ್ಲದೆ ವಿಲೇವಾರಿ ಮಾಡಬೇಕು. ಈ ವಿಧಾನ ರಕ್ಷಣೆ ಎಷ್ಟು ಉಳಿದಿದೆ ಎಂಬುದನ್ನು ಹೇಳುತ್ತದೆ, ರಾಶಿಯಲ್ಲಿ ಉಷ್ಣ ಎಷ್ಟು ಹುಟ್ಟುತ್ತಿದೆ ಎಂಬುದನ್ನಲ್ಲ.

ಉಷ್ಣಪ್ರವಾಹ ಮಾಪನ

ಮುಚ್ಚಿದ ಗಾಜಿನ ಶೀಷೆಯಲ್ಲಿ ಮಾದರಿಯನ್ನು ಸ್ಥಿರ ತಾಪಮಾನದಲ್ಲಿಟ್ಟು, ಅದರಿಂದ ಹೊರಡುವ ಉಷ್ಣವನ್ನು ಮೈಕ್ರೋವ್ಯಾಟ್‌ಗಳಲ್ಲಿ ದಿನಗಟ್ಟಲೆ ನಿರಂತರ ದಾಖಲಿಸುವ ವಿಧಾನವಿದು. ನೇಟೋ ದೇಶಗಳ ‘ಸ್ಟಾನಾಗ್ 4582’ ಮಾನಕ ಇದನ್ನೇ ಆಧರಿಸಿದೆ. ಅದರಂತೆ ಮಾದರಿಯನ್ನು 80 °ಸೆ. ತಾಪಮಾನದಲ್ಲಿ 10.6 ದಿನ ಇಡಬೇಕು. ಆ ಅವಧಿಯಲ್ಲಿ ಉಷ್ಣಪ್ರವಾಹ ಗ್ರಾಂ ಒಂದಕ್ಕೆ 114 ಮೈಕ್ರೋವ್ಯಾಟ್ ಮೀರದಿದ್ದರೆ ಮದ್ದು 25 °ಸೆ. ತಾಪಮಾನದಲ್ಲಿ 10 ವರ್ಷ ಸ್ಥಿರವಾಗಿರುತ್ತದೆಂದು ಪರಿಗಣಿಸಲಾಗುತ್ತದೆ.

ಇತರ ವಿಧಾನಗಳು

ಕೆಲವೇ ಮಿಲಿಗ್ರಾಂ ಮಾದರಿಯನ್ನು ಬಳಸುವ ಡಿಎಸ್‌ಸಿ ಉಪಕರಣ ಹೊಸ ವಸ್ತುವಿನ ಮೊದಲ ಪರಿಚಯಕ್ಕೆ ಅನುಕೂಲ. ಮಾದರಿಯ ತಾಪಮಾನ ಏರಿದಂತೆ ಸುತ್ತಲಿನ ತಾಪಮಾನವನ್ನೂ ಅಷ್ಟೇ ಏರಿಸಿ ಉಷ್ಣ ಹೊರಹೋಗದಂತೆ ಮಾಡುವ ಎಆರ್‌ಸಿ ಉಪಕರಣ ದೊಡ್ಡ ರಾಶಿಯ ನಡುಭಾಗದ ಪರಿಸ್ಥಿತಿಯನ್ನು ಅನುಕರಿಸುತ್ತದೆ.

ಸಾಗಣೆಯ ಮಟ್ಟಿಗೆ ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿ ಅಧಿಕೃತ ಆಧಾರ. ಸ್ಫೋಟಕಗಳಿಗೆ ಅದು 75 °ಸೆ. ತಾಪಮಾನದಲ್ಲಿ 48 ಗಂಟೆಗಳ ಪರೀಕ್ಷೆಯನ್ನು ವಿಧಿಸುತ್ತದೆ. ಸಾವಯವ ಪೆರಾಕ್ಸೈಡುಗಳಂಥ ಸ್ವಯಂಕ್ರಿಯಾಶೀಲ ವಸ್ತುಗಳಿಗೆ ‘ಸ್ವಯಂ ವೇಗವರ್ಧಿತ ವಿಘಟನೆಯ ತಾಪಮಾನ’ವನ್ನು ನಿರ್ಧರಿಸಲು ಹೇಳುತ್ತದೆ. ಸಾಗಣೆಯ ಪೊಟ್ಟಣದಲ್ಲಿರುವ ವಸ್ತು ಏಳು ದಿನಗಳೊಳಗೆ ತಾನಾಗಿ ಬಿಸಿಯೇರತೊಡಗುವ ಅತಿ ಕಡಿಮೆ ಪರಿಸರ ತಾಪಮಾನವೇ ಇದು.

ಫಲಿತಾಂಶದ ವ್ಯಾಖ್ಯಾನ

ಹತ್ತೂವರೆ ದಿನಗಳ ಪ್ರಯೋಗದಿಂದ ಹತ್ತು ವರ್ಷಗಳ ಬಗ್ಗೆ ಹೇಳುವುದು ಹೇಗೆ? ಇದಕ್ಕೆ ಉತ್ತರ ಆರೇನಿಯಸ್ ಸಮೀಕರಣದಲ್ಲಿದೆ. ಮೇಲಿನ ಮಾನಕವು 60 °ಸೆ.ಗಿಂತ ಮೇಲೆ ವಿಘಟನೆಯ ಸಕ್ರಿಯಣ ಶಕ್ತಿ ಮೋಲ್ ಒಂದಕ್ಕೆ 120 ಕಿಲೋಜೂಲ್ ಎಂದೂ, ಅದಕ್ಕಿಂತ ಕೆಳಗೆ 80 ಕಿಲೋಜೂಲ್ ಎಂದೂ ಇಟ್ಟುಕೊಳ್ಳುತ್ತದೆ. ಆಗ 80 °ಸೆ.ನಿಂದ 60 °ಸೆ.ಗೆ ಇಳಿಯುವಾಗ ವೇಗ ಸುಮಾರು 11.6 ಪಟ್ಟು ಕುಗ್ಗುತ್ತದೆ. ಅಲ್ಲಿಂದ 25 °ಸೆ.ಗೆ ಇಳಿಯುವಾಗ ಇನ್ನೂ ಸುಮಾರು 29.7 ಪಟ್ಟು ಕುಗ್ಗುತ್ತದೆ. ಒಟ್ಟಿನಲ್ಲಿ ಸುಮಾರು 345 ಪಟ್ಟು. 10.6 ದಿನಗಳನ್ನು 345ರಿಂದ ಗುಣಿಸಿದರೆ ಸುಮಾರು 3,660 ದಿನಗಳು, ಅಂದರೆ ಹತ್ತು ವರ್ಷಗಳು ಬರುತ್ತವೆ. ಕಡಿಮೆ ತಾಪಮಾನದಲ್ಲಿ ಚಿಕ್ಕ ಮೌಲ್ಯವನ್ನು ಆರಿಸಿರುವುದು ಎಚ್ಚರಿಕೆಯ ಕ್ರಮ. ತಾಪಮಾನ ಇಳಿದಾಗ ಬೇರೆ ಬಗೆಯ, ಅಷ್ಟೊಂದು ಉಷ್ಣವನ್ನವಲಂಬಿಸದ ಕ್ರಿಯೆಗಳು ಮೇಲುಗೈ ಪಡೆಯುತ್ತವೆ. 120 ಕಿಲೋಜೂಲನ್ನೇ ಕೊನೆಯವರೆಗೆ ಎಳೆದರೆ ಮದ್ದಿನ ಆಯುಷ್ಯ ಕಾಗದದ ಮೇಲೆ ಮಾತ್ರ ಉದ್ದವಾಗುತ್ತದೆ.

ಇದೇ ಲೆಕ್ಕವನ್ನು ಉಷ್ಣದ ದೇಶಗಳ ಕಡೆಗೆ ತಿರುಗಿಸಿ ನೋಡಬಹುದು. 25 °ಸೆ.ನಿಂದ 45 °ಸೆ.ಗೆ ಏರಿದರೆ ವೇಗ ಸುಮಾರು 7.6 ಪಟ್ಟು ಹೆಚ್ಚುತ್ತದೆ. ತಂಪು ಉಗ್ರಾಣದಲ್ಲಿ ಹತ್ತು ವರ್ಷಗಳಲ್ಲಿ ಆಗುವ ಸವೆತ ಬಿಸಿಲಿಗೆ ಕಾದ ತಗಡಿನ ಮಾಡಿನ ಕೆಳಗೆ ಸುಮಾರು 16 ತಿಂಗಳಲ್ಲಿ ಮುಗಿದುಬಿಡುತ್ತದೆ. ಆದುದರಿಂದ ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷವಷ್ಟೇ ಸಾಲದು. ಅದು ಎಲ್ಲೆಲ್ಲಿ, ಯಾವ ತಾಪಮಾನದಲ್ಲಿ ಇತ್ತು ಎಂಬ ದಾಖಲೆಯೂ ಪರೀಕ್ಷೆಯಷ್ಟೇ ಮುಖ್ಯ.

ದಾಸ್ತಾನಿನಲ್ಲಿ ಎಚ್ಚರ ತಪ್ಪಿದ ಪ್ರಕರಣಗಳು

ಸೈಪ್ರಸ್, 2011

2009ರಲ್ಲಿ ಇರಾನಿನಿಂದ ಸಿರಿಯಾದ ಕಡೆಗೆ ಹೊರಟಿದ್ದ ‘ಮೊಂಚೆಗೊರ್ಸ್ಕ್’ ಹಡಗಿನಿಂದ ವಶಪಡಿಸಿಕೊಂಡ ಮದ್ದುಗುಂಡುಗಳ 98 ಕಂಟೇನರುಗಳನ್ನು ಸೈಪ್ರಸ್ಸಿನ ಇವಾಂಜೆಲೊಸ್ ಫ್ಲೊರಾಕಿಸ್ ನೌಕಾನೆಲೆಯಲ್ಲಿ ಬಯಲಿನಲ್ಲಿಯೇ ಪೇರಿಸಿಡಲಾಗಿತ್ತು. ಎರಡು ಬೇಸಗೆಗಳು ಕಳೆದು ಮೂರನೆಯದು ಬಂತು. 2011ರ ಜುಲೈ ಮೊದಲ ವಾರದಲ್ಲಿ ಒಂದು ಕಂಟೇನರು ಒಳಗಿನ ಒತ್ತಡಕ್ಕೆ ವಿರೂಪಗೊಂಡದ್ದು ಕಂಡುಬಂತು. ಅದು ಕೊನೆಯ ಎಚ್ಚರಿಕೆಯಾಗಿತ್ತು. ಜುಲೈ 11ರ ಬೆಳಗಿನ ಜಾವ ಬೆಂಕಿ ಕಾಣಿಸಿಕೊಂಡು, ಬಳಿಕ ಇಡೀ ರಾಶಿ ಸ್ಫೋಟಿಸಿತು. ಬೆಂಕಿಯಾರಿಸಲು ಬಂದವರೂ ನೌಕಾಪಡೆಯ ಮುಖ್ಯಸ್ಥರೂ ಸೇರಿ 13 ಮಂದಿ ಸತ್ತರು. ಪಕ್ಕದ ವಸಿಲಿಕೋಸ್ ವಿದ್ಯುತ್ ಸ್ಥಾವರ ಹಾಳಾಗಿ ದ್ವೀಪದ ಸುಮಾರು ಅರ್ಧದಷ್ಟು ವಿದ್ಯುತ್ ಪೂರೈಕೆ ಕಡಿದುಹೋಯಿತು. ಬಿಸಿಲಿಗೆ ಕಾಯುವ ಮುಚ್ಚಿದ ಉಕ್ಕಿನ ಪೆಟ್ಟಿಗೆ, ವಯಸ್ಸು ತಿಳಿಯದ ನೋದಕ, ದೊಡ್ಡ ರಾಶಿ, ನೆರಳಿನ ಅಭಾವ: ಸಿದ್ಧಾಂತದಲ್ಲಿ ಹೇಳಿದ ಪ್ರತಿಯೊಂದು ಅಂಶವೂ ಇಲ್ಲಿ ಒಟ್ಟುಗೂಡಿತ್ತು.

ತಿಯಾನ್‌ಜಿನ್, 2015

ನೈಟ್ರೋಸೆಲ್ಯುಲೋಸ್ ಮದ್ದಿಗಷ್ಟೇ ಬಳಕೆಯಾಗುವುದಿಲ್ಲ. ಉಗುರುಬಣ್ಣ, ಮರದ ವಾರ್ನಿಷ್, ಮುದ್ರಣದ ಶಾಯಿಗಳಲ್ಲಿಯೂ ಇದು ಇದೆ. ಈ ಕೈಗಾರಿಕಾ ಬಗೆಯನ್ನು ಕನಿಷ್ಠ ಶೇಕಡಾ 25 ನೀರು ಅಥವಾ ಆಲ್ಕೋಹಾಲಿನಿಂದ ಒದ್ದೆಯಾಗಿಟ್ಟು ಸಾಗಿಸಬಹುದು. 2015ರ ಆಗಸ್ಟ್ 12ರಂದು ಚೀನಾದ ತಿಯಾನ್‌ಜಿನ್ ಬಂದರಿನ ಗೋದಾಮಿನಲ್ಲಿ ಒಂದು ಕಂಟೇನರಿನ ನೈಟ್ರೋಸೆಲ್ಯುಲೋಸ್ ಬೇಸಗೆಯ ಬಿಸಿಗೆ ಒದ್ದೆಯಾರಿ, ವಿಘಟನೆ ತೀವ್ರಗೊಂಡು, ತಾನಾಗಿ ಹೊತ್ತಿಕೊಂಡಿತೆಂದು ಸರಕಾರಿ ತನಿಖೆ ತೀರ್ಮಾನಿಸಿತು. ಬೆಂಕಿ ಪಕ್ಕದ ಅಮೋನಿಯಮ್ ನೈಟ್ರೇಟ್ ರಾಶಿಯನ್ನು ತಲುಪಿ ಭಾರೀ ಸ್ಫೋಟವಾಯಿತು. 165 ಮಂದಿ ಸತ್ತು 8 ಮಂದಿ ಕಣ್ಮರೆಯಾದರು. ಮೃತರಲ್ಲಿ ಹೆಚ್ಚಿನವರು ಅಗ್ನಿಶಾಮಕ ಸಿಬ್ಬಂದಿ.

ಲೂಸಿಯಾನಾ, 2012

ಅಮೆರಿಕದ ಲೂಸಿಯಾನಾ ರಾಜ್ಯದ ಕ್ಯಾಂಪ್ ಮಿಂಡೆನ್‌ನಲ್ಲಿ 2012ರ ಅಕ್ಟೋಬರಿನಲ್ಲಿ ಒಂದು ಮದ್ದಿನಮನೆ ಸ್ಫೋಟಿಸಿತು. ತಪಾಸಣೆಗೆ ಬಂದ ಅಧಿಕಾರಿಗಳು ನಿರುಪಯುಕ್ತವೆಂದು ಸೇನೆ ಹೊರಹಾಕಿದ್ದ ‘ಎಂ6’ ಎಂಬ ಫಿರಂಗಿ ನೋದಕದ ಸುಮಾರು 1.5 ಕೋಟಿ ಪೌಂಡ್‌ಗಳ, ಅಂದರೆ ಸುಮಾರು 6,800 ಟನ್‌ಗಳ, ದಾಸ್ತಾನು ಕ್ರಮತಪ್ಪಿ ಬಿದ್ದಿರುವುದನ್ನು ಕಂಡರು. ಸ್ಥಿರಕಾರಿ ಸವೆಯುತ್ತಿದ್ದ ಆ ಸರಕನ್ನು ಹೊಗೆ ಶುದ್ಧೀಕರಿಸುವ ಮುಚ್ಚಿದ ಕುಲುಮೆಯಲ್ಲಿ ಸುಟ್ಟು ಮುಗಿಸುವ ಹೊತ್ತಿಗೆ 2017 ಬಂದಿತ್ತು. ಬಳಕೆಯ ಪಟ್ಟಿಯಿಂದ ಹೊರಬಿದ್ದ ಮದ್ದು ಪರೀಕ್ಷೆಯ ಪಟ್ಟಿಯಿಂದಲೂ ಹೊರಬೀಳುವುದು ಹಲವು ದೇಶಗಳ ಸಾಮಾನ್ಯ ದೋಷ.

ಭಾರತದಲ್ಲಿ

ಬ್ರಿಟಿಷ್ ಸೈನ್ಯದ ಕಾರ್ಡೈಟ್ ಭಾರತದ ಬಿಸಿಲಿನಲ್ಲಿ ಬೇಗ ಹದಗೆಡುವುದು 20ನೇ ಶತಮಾನದ ಆರಂಭದಲ್ಲಿಯೇ ಅರಿವಿಗೆ ಬಂದಿತ್ತು. ವಾಲ್ಥಮ್ ಆ್ಯಬಿ ಕಾರ್ಖಾನೆಯ ರಾಬರ್ಟ್ ರಾಬರ್ಟ್‌ಸನ್ ಇಲ್ಲಿನ ಮದ್ದಿನಮನೆಗಳ ದುರಂತಗಳ ಹಿನ್ನೆಲೆಯಲ್ಲಿ ಭಾರತಕ್ಕೆ ಬಂದು ಅಧ್ಯಯನ ನಡೆಸಿದರು. ಅದೇ ಕಾಲದಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಆರಂಭವಾಯಿತು. 1908ರಲ್ಲಿ ನೈನಿತಾಲದಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಸ್ಥಾಪನೆಯಾಯಿತು. ಪುಣೆಯಲ್ಲಿರುವ ಡಿಆರ್‌ಡಿಒದ ಎಚ್‌ಇಎಂಆರ್‌ಎಲ್ ತನ್ನ ಮೂಲವನ್ನು ಇದರಲ್ಲಿ ಗುರುತಿಸಿಕೊಳ್ಳುತ್ತದೆ. ನಾಗರಿಕ ಬಳಕೆಯ ಸ್ಫೋಟಕಗಳ ಪರವಾನಗಿ ಮತ್ತು ತಪಾಸಣೆ 1884ರ ಸ್ಫೋಟಕಗಳ ಕಾಯಿದೆ ಹಾಗೂ 2008ರ ಸ್ಫೋಟಕಗಳ ನಿಯಮಗಳಡಿ ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಸೊ ಸಂಸ್ಥೆಗೆ ಸೇರಿವೆ.

ಮದ್ದಿನಮನೆಯ ಬೆಂಕಿಗಳೆಲ್ಲವೂ ವಿಘಟನೆಯಿಂದಲೇ ಆಗುವುದಿಲ್ಲ. 2000ದ ಏಪ್ರಿಲ್ 28ರಂದು ಭರತಪುರದ ಸೇನಾ ದಾಸ್ತಾನಿಗೆ ಬೆಂಕಿ ತಗಲಿದ್ದು ಸುತ್ತ ಬೆಳೆದ ಒಣಹುಲ್ಲಿನಿಂದ. ಸ್ಥಿರತೆಯ ಯಾವ ಪರೀಕ್ಷೆಯೂ ಇಂಥ ಬೆಂಕಿಯನ್ನು ತಡೆಯದು.

ನೈಟ್ರೇಟ್ ಚಲನಚಿತ್ರ ಫಿಲ್ಮು

20ನೇ ಶತಮಾನದ ನಡುಭಾಗದವರೆಗೆ ಸಿನಿಮಾ ಫಿಲ್ಮುಗಳನ್ನು ಸೆಲ್ಯುಲೋಸ್ ನೈಟ್ರೇಟಿನಿಂದಲೇ ಮಾಡಲಾಗುತ್ತಿತ್ತು. ಮದ್ದಿನಲ್ಲಿ ನಡೆಯುವ ವಿಘಟನೆಯೇ ಫಿಲ್ಮಿನ ಸುರುಳಿಯಲ್ಲಿಯೂ ನಡೆಯುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು 1950ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಹದಗೆಟ್ಟ ನೈಟ್ರೇಟ್ ಫಿಲ್ಮು ಸುಮಾರು 41 °ಸೆ. ತಾಪಮಾನದಲ್ಲಿ ದಿನಗಟ್ಟಲೆ ಇದ್ದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಮಧ್ಯಾಹ್ನಗಳು ಈ ಮಟ್ಟವನ್ನು ಮುಟ್ಟುವುದು ಅಪರೂಪವಲ್ಲ. 2003ರ ಜನವರಿಯಲ್ಲಿ ಪುಣೆಯ ಉಗ್ರಾಣವೊಂದರಲ್ಲಿ ಬೆಂಕಿ ಬಿದ್ದು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಸೇರಿದ ನೈಟ್ರೇಟ್ ಫಿಲ್ಮುಗಳು ನಾಶವಾದವು. ಉಳಿದಿರುವ ಇಂಥ ಫಿಲ್ಮುಗಳನ್ನು ತಂಪಾದ, ಗಾಳಿಯಾಡುವ, ಪ್ರತ್ಯೇಕ ಕೋಣೆಗಳಲ್ಲಿ ಇಟ್ಟು ನಿಯತವಾಗಿ ತಪಾಸಿಸಲಾಗುತ್ತದೆ.

ಮಿತಿಗಳು

ಪರೀಕ್ಷೆಗೆ ಒಳಪಡುವುದು ಟನ್‌ಗಟ್ಟಲೆ ದಾಸ್ತಾನಿನಿಂದ ತೆಗೆದ ಕೆಲವು ಗ್ರಾಂ ಮಾತ್ರ. ಒಂದೇ ತಂಡದ ಮದ್ದಿನಲ್ಲಿಯೂ ಬಿಸಿಲು ಬೀಳುವ ಮೂಲೆಯ ಪೀಪಾಯಿ ಉಳಿದವುಗಳಿಗಿಂತ ಮೊದಲು ಕೆಡಬಹುದು, ನೀರು ಸೋರಿದ ಡಬ್ಬಿ ಅದಕ್ಕಿಂತ ಮೊದಲು ಕೆಡಬಹುದು. ಮಾದರಿಯನ್ನು ಕೈಗೆ ಸುಲಭವಾಗಿ ಸಿಗುವ ಪೆಟ್ಟಿಗೆಯಿಂದ ತೆಗೆಯುವ ರೂಢಿ ಈ ವ್ಯತ್ಯಾಸವನ್ನು ಮರೆಮಾಡುತ್ತದೆ. ಹೆಚ್ಚಿನ ತಾಪಮಾನದ ಪರೀಕ್ಷೆಗಳಿಗೆ ಇನ್ನೊಂದು ತೊಡಕಿದೆ. 134.5 °ಸೆ. ತಾಪಮಾನದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು 30 °ಸೆ. ತಾಪಮಾನದ ಕ್ರಿಯೆಗಳ ಚುರುಕು ರೂಪಗಳಷ್ಟೇ ಆಗಿರುತ್ತವೆಂಬ ಖಾತರಿಯಿಲ್ಲ. ಆದುದರಿಂದ ಒಂದೇ ಪರೀಕ್ಷೆಯನ್ನು ನೆಚ್ಚದೆ ಸ್ಥಿರಕಾರಿಯ ಅಳತೆ ಮತ್ತು ಉಷ್ಣಪ್ರವಾಹ ಮಾಪನವನ್ನು ಜೊತೆಯಾಗಿ ನಡೆಸುವುದು ಇಂದಿನ ಪದ್ಧತಿ. ಎರಡರ ತೀರ್ಪು ಬೇರೆಯಾದಾಗ ಹೆಚ್ಚು ಅಪಾಯ ಸೂಚಿಸುವ ಫಲಿತಾಂಶವನ್ನು ಸ್ವೀಕರಿಸಿ, ಮುಂದಿನ ಪರೀಕ್ಷೆಯ ದಿನಾಂಕವನ್ನು ಹತ್ತಿರಕ್ಕೆ ತರಲಾಗುತ್ತದೆ.